ಮಂಡಿನೋವಿನವರ ಮಾತ್ರೆ ಚೀಲ

ನನ್ನ ಕ್ಲಿನಿಕ್ ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿದೆ. ಅಡಿಕೆ ಸುಲಿಯುವ ಕಾಲ ಮುಗಿಯುತ್ತ ಬಂದಂತೆ ಹೊರಗಿನ ಬೆಂಚಿನ ತುಂಬ ಮಂಡಿ ಹಿಡಿದು ಕೂತವರೇ ಇರುತ್ತಾರೆ. ಮೆಟ್ಟುಗತ್ತಿಯ ಮೇಲೆ ರಾತ್ರಿ ಹತ್ತರವರೆಗೂ ಕೂತು ಸುಲಿದ ಹೆಂಗಸರೇ ಹೆಚ್ಚು. ಮಂಡಿ ಸವೆತದ ಬಗ್ಗೆ ಅವರಿಂದ ಕಲಿತದ್ದು ಇಷ್ಟು.

1. ಮೊದಲು ಚೀಲ, ಆಮೇಲೆ ಮಂಡಿ. ಈ ಪಾಠ ನನ್ನ ತಪ್ಪಿನಿಂದಲೇ ಬಂತು. 68 ವರ್ಷದ ಹಿರಿಯರೊಬ್ಬರಿಗೆ ಹತ್ತು ದಿನಕ್ಕೆ ಡೈಕ್ಲೊಫೆನಾಕ್ ಬರೆದುಕೊಟ್ಟೆ. ಬಿ.ಪಿ. ಮಾತ್ರೆಯನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಅವರು ನುಂಗುತ್ತಿದ್ದಾರೆಂದು ಕೇಳಿ ತಿಳಿಯಲಿಲ್ಲ. ನೋವು ಇಳಿದದ್ದರಿಂದ ಅವರು ಅದೇ ಚೀಟಿ ತೋರಿಸಿ ಎರಡು ತಿಂಗಳು ಮಾತ್ರೆ ಕೊಂಡರು. ಮತ್ತೆ ಬಂದಾಗ ಪಾದ ಊದಿತ್ತು, ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಮೂತ್ರಪಿಂಡ ಸೋಲುತ್ತಿತ್ತು. ಡೈಕ್ಲೊಫೆನಾಕ್ ಗುಂಪಿನ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಕೆಲವು ಬಿ.ಪಿ. ಮಾತ್ರೆಗಳೂ ಮೂತ್ರದ ಮಾತ್ರೆಯೂ ಜೊತೆ ಸೇರಿದರೆ ಅಪಾಯ ಬಹಳ ಹೆಚ್ಚು. ದನಗಳಿಗೆ ಕೊಟ್ಟ ಇದೇ ಡೈಕ್ಲೊಫೆನಾಕ್, ಅವುಗಳ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಅಳಿಸುತ್ತ ಬಂದದ್ದರಿಂದ, 2006ರಲ್ಲಿ ಅದನ್ನು ದನಗಳಿಗೆ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ನಾವು ಹದ್ದಿನಷ್ಟು ಸೂಕ್ಷ್ಮವಲ್ಲ ನಿಜ. ಆದರೂ ಹೊಟ್ಟೆಯ ಹುಣ್ಣು, ಹೃದಯದ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ ಇರುವವರು ಈ ನೋವಿನ ಮಾತ್ರೆಗಳನ್ನು ಅಂಗಡಿಯಲ್ಲಿ ಕೇಳಿ ತರಲೇಬಾರದು. ಈಗ ಯಾರೇ ಬರಲಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸುರಿಸುತ್ತೇನೆ.

2. ನುಂಗುವ ಮುಂಚೆ ಹಚ್ಚಿ. ಅದೇ ಡೈಕ್ಲೊಫೆನಾಕ್ ಜೆಲ್ ರೂಪದಲ್ಲಿ ರಕ್ತಕ್ಕೆ ಸೇರುವುದು ತೀರ ಕಡಿಮೆ. ಸಾಸಿವೆಯಷ್ಟು ಸವರಿ ‘ಏನೂ ಆಗಲಿಲ್ಲ ಡಾಕ್ಟ್ರೇ’ ಅನ್ನುವವರೇ ಬಹಳ. ಮಂಡಿಯ ಸುತ್ತ ಧಾರಾಳವಾಗಿ, ದಿನಕ್ಕೆ ಮೂರ್ನಾಲ್ಕು ಸಲ, ಒಂದೆರಡು ವಾರ ಬಿಡದೆ ಹಚ್ಚಬೇಕು. ಹಚ್ಚಿದ ಜಾಗಕ್ಕೆ ಶಾಖ ಬೇಡ, ಗಾಯದ ಮೇಲೆ ಹಚ್ಚುವುದೂ ಬೇಡ.

3. ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯ, ಮಂಡಿಗೆ ಅದರಿಂದ ಸಿಗುವ ಆರಾಮವೂ ಸ್ವಲ್ಪವೇ. ಆರೋಗ್ಯವಂತರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ವಯಸ್ಸಾದವರಿಗೆ, ಬಡಕಲು ಮೈಯವರಿಗೆ ನಾನು ಇನ್ನೂ ಕಡಿಮೆ ಹೇಳುತ್ತೇನೆ. ಕುಡಿಯುವ ಅಭ್ಯಾಸವಿದ್ದರೆ ಕೇಳದೆ ನುಂಗಬೇಡಿ. ಶೀತದ ಮಾತ್ರೆಗಳಲ್ಲೂ ಇದು ಸೇರಿರುತ್ತದೆ, ಲೆಕ್ಕದಲ್ಲಿಡಿ.

4. ಉಪ್ಪಿನ ಗಂಟಿನ ಶಾಖ, ಹರಳೆಣ್ಣೆ ತಿಕ್ಕುವುದು ನನಗೂ ಒಪ್ಪಿಗೆ. ಬೆಳಿಗ್ಗೆ ಬಿಗಿದ ಮಂಡಿ ಅದರಿಂದ ಸಡಿಲವಾಗುತ್ತದೆ. ಕೀಲಿನ ಸವೆದ ಮೃದ್ವಸ್ಥಿ ಮಾತ್ರ ಅದರಿಂದ ಬೆಳೆಯುವುದಿಲ್ಲ. ಮಂಡಿ ಊದಿದ್ದರೆ ತಣ್ಣೀರ ಬಟ್ಟೆ ಲೇಸು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರಿಗೆ ಶಾಖ ಕೊಡುವಾಗ ಬಿಸಿಯನ್ನು ಮನೆಯವರು ಕೈಯಿಂದ ಮುಟ್ಟಿ ನೋಡಬೇಕು. ಗೊತ್ತಾಗದೆ ಚರ್ಮ ಸುಟ್ಟುಕೊಂಡವರಿಗೆ ಬ್ಯಾಂಡೇಜ್ ಕಟ್ಟಿದ್ದೇನೆ.

5. ಹೆಸರಿಲ್ಲದ ಪುಡಿಯ ಪೊಟ್ಟಣ ಮೂರೇ ದಿನದಲ್ಲಿ ನೋವು ಓಡಿಸಿದರೆ ಹೆದರಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ಥಟ್ಟನೆ ಬಿಡುವುದೂ ಅಪಾಯ, ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಬನ್ನಿ.

6. ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅದೇ ದಿನ ತೋರಿಸಿ. ಬೆಳಗಿನ ಬಿಗಿತ ದಿನವೂ ಗಂಟೆ ಮೀರಿದರೆ ಅದು ಸವೆತವಲ್ಲದೆ ಬೇರೆ ಸಂಧಿವಾತವೂ ಇರಬಹುದು, ಪರೀಕ್ಷೆ ಮಾಡಿಸಿ.

7. ಮಂಡಿಯನ್ನು ಹೊರುವುದು ತೊಡೆ. ‘ಸವೆದದ್ದಕ್ಕೆ ವಿಶ್ರಾಂತಿ ಕೊಡಬೇಕಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಕೂತಷ್ಟೂ ತೊಡೆಯ ಸ್ನಾಯು ಸೊರಗಿ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಹತ್ತು ಎಣಿಸಿ, ಇಳಿಸಿ. ಒಂದೊಂದು ಕಾಲಿಗೂ ಹತ್ತು ಸಲ, ದಿನಕ್ಕೆರಡು ಬಾರಿ. ಮೈಭಾರ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.

ಅಡಿಕೆ ಸುಲಿಯುವ ಅಜ್ಜಿಯೊಬ್ಬರು ಧಾರಾವಾಹಿ ನೋಡುತ್ತಲೇ ಕಾಲು ಚಾಚಿ ಎಣಿಸುತ್ತಾರೆ. ಮೂರು ತಿಂಗಳಾದ ಮೇಲೆ ಮಾತ್ರೆ ಬೇಕಾಗುವುದು ಅಪರೂಪವಾಯಿತು. ಈ ಸಲ ಮಗನಿಂದ ಎತ್ತರದ ಬೆಂಚು ಮಾಡಿಸಿ, ಸುಲಿಯುವ ಕತ್ತಿಯನ್ನು ಅದಕ್ಕೇ ಕೂರಿಸಿಕೊಂಡಿದ್ದಾರೆ. ಅಕ್ಕಪಕ್ಕದ ಹೆಂಗಸರು ಆ ಬೆಂಚಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ.