ಪುಲ್ಲಿ ಜಾರಿದರೆ ಪಿನ್ನು: ಕಾರ್ ಗ್ಯಾರೇಜಿನಲ್ಲಿ ಕಲಿತ ಪಾಠ

ನಮ್ಮದು ಸರ್ಜಾಪುರದ ಕಡೆಯ ಖುಷ್ಕಿ ಜಮೀನು. ರಾಗಿ, ಅವರೆ, ಹುರುಳಿ, ಅಷ್ಟೇ. ಬಾವಿ ಬತ್ತಿದ ಮೇಲೆ ಪಂಪಿಗೆ ಹಾಕಿದ್ದ 5 ಕುದುರೆಶಕ್ತಿಯ ಡೀಸೆಲ್ ಎಂಜಿನ್ನು ಕೊಟ್ಟಿಗೆ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಸೀಮೆಹಸು ಕಟ್ಟಿದ ಮೇಲೆ ಅದಕ್ಕೇ ಬೆಲ್ಟು ಹಾಕಿ ಮೇವು ಕತ್ತರಿಸುವ ಮೆಷಿನ್ನು ಓಡಿಸಿದೆ. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಒಳಗಿಂದ ಟಕ್ ಟಕ್ ಶಬ್ದ ಶುರುವಾಯ್ತು. ಬೇರಿಂಗ್ ಹೋಯ್ತೇನೋ ಅಂತ ಹೆದರಿದೆ. ಬಿಚ್ಚಿ ನೋಡಿದರೆ ಕ್ರ್ಯಾಂಕಿನ ತುದಿಯ ಪುಲ್ಲಿ ಅಲ್ಲಾಡುತ್ತಿತ್ತು. ಕೀ ಒಂದು ಪಕ್ಕ ಸವೆದು, ಪುಲ್ಲಿಯ ಕೀ ಗಾಡಿ ಅಗಲವಾಗಿತ್ತು.

ಹತ್ತಿರದ ಒಬ್ಬ ಮೇಸ್ತ್ರಿ, 'ಇದಕ್ಕೇನು ಯೋಚನೆ' ಅಂತ ಪುಲ್ಲಿಯನ್ನು ಕ್ರ್ಯಾಂಕಿಗೇ ವೆಲ್ಡಿಂಗ್ ಮಾಡಿಬಿಟ್ಟ. ಪುಲ್ಲಿ ಬೀಡಿನದು, ಕ್ರ್ಯಾಂಕು ಉಕ್ಕಿನದು. ಹದಿನೈದು ದಿನಕ್ಕೆ ಬೆಸುಗೆ ಬಿರುಕು ಬಿಟ್ಟಿತು. ಶಾಖಕ್ಕೆ ಆಯಿಲ್ ಸೀಲ್ ಸುಟ್ಟು ಎಣ್ಣೆ ಬೇರೆ ಸೋರಿತು. ರೈತ ಮಿತ್ರರೇ, ಬೇರೆ ಏನು ಮಾಡಿದರೂ ಸರಿ, ಪುಲ್ಲಿಗೆ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ. ಕ್ರ್ಯಾಂಕು ಕೆಟ್ಟರೆ ಹಳೇ ಎಂಜಿನ್ನು ಗುಜರಿಗೆ ಹೋದ ಹಾಗೇ.

ನಮ್ಮ ಅಕ್ಕನ ಮಗ ವೈಟ್‌ಫೀಲ್ಡಿನ ಒಂದು ಕಾರ್ ಗ್ಯಾರೇಜಿನಲ್ಲಿದ್ದಾನೆ. (ಅಲ್ಲಿ ಕಂಪ್ಯೂಟರ್ ಕಂಪನಿಗಳು ಬರುವುದಕ್ಕೆ ಎಷ್ಟೋ ಮುಂಚೆ ಮಹದೇವಪುರದಲ್ಲಿ ವಿ.ಎಸ್.ಟಿ.ಯವರು ಪವರ್ ಟಿಲ್ಲರ್ ಮಾಡುತ್ತಿದ್ದರು ಅನ್ನೋದು ಈಗಿನ ಹುಡುಗರಿಗೆ ಗೊತ್ತಿಲ್ಲ.) ಕೇಳೋಣ ಅಂತ ಹೋದೆ. ಅವನು ಒಂದು ಕಾರಿನ ಮುಂದೆ ಬಗ್ಗಿ ಕ್ರ್ಯಾಂಕಿನ ತುದಿಗೆ ತೂತು ಕೊರೆಯುತ್ತಿದ್ದ. 'ಮಾವ, ನಿಮ್ಮ ಎಂಜಿನ್ನಿಗೆ ಬಂದಿರೋ ಕಾಯಿಲೇನೇ ಇದು, ನೋಡಿ' ಅಂದ.

ಅದು ಅಮೇರಿಕದ ಷೆವರ್ಲೆ ಎಲ್‌ಎಸ್ ಜಾತಿಯ ಎಂಜಿನ್ನು, 1997ರಿಂದ ಬಂದದ್ದು. ಅದಕ್ಕೆ ಸೂಪರ್‌ಚಾರ್ಜರ್ ಹಾಕಿದ್ದರು. ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು. ಟರ್ಬೋ ಹೊಗೆಯ ರಭಸಕ್ಕೆ ತಿರುಗಿದರೆ, ಇದನ್ನು ಕ್ರ್ಯಾಂಕಿನ ಪುಲ್ಲಿಯೇ ಬೆಲ್ಟು ಹಾಕಿ ತಿರುಗಿಸಬೇಕು. ಆ ಎಂಜಿನ್ನಿನಲ್ಲಿ ಪುಲ್ಲಿಗೆ ಕೀ ಅನ್ನೋದೇ ಇಲ್ಲ. ಬಿಗಿಯಾಗಿ ಒತ್ತಿ ಕೂರಿಸಿ ನಡುವೆ ಒಂದು ದಪ್ಪ ಬೋಲ್ಟು ಬಿಗಿದಿರುತ್ತಾರೆ. ಫ್ಯಾನು, ಡೈನಮೋ ಎಳೆಯೋವರೆಗೆ ಅಷ್ಟು ಸಾಕು. ಸೂಪರ್‌ಚಾರ್ಜರ್ ಎಳೆಯುವಾಗ, ಅದರಲ್ಲೂ ಒಮ್ಮೆಲೇ ಕಾಲು ಒತ್ತಿದಾಗ, ಪುಲ್ಲಿ ಕ್ರ್ಯಾಂಕಿನ ಮೇಲೆ ಜಾರಿ ಎರಡನ್ನೂ ಗೀರಿಬಿಡುತ್ತದೆ. ಅದಕ್ಕೇ ಪಿನ್ನು.

ಆ ಪುಲ್ಲಿಗೆ ಬ್ಯಾಲೆನ್ಸರ್ ಅನ್ನುತ್ತಾರೆ. ಒಳಗೆ ಬುಡ, ಹೊರಗೆ ಭಾರದ ಬಳೆ, ನಡುವೆ ರಬ್ಬರು. ಪ್ರತಿ ಸಲ ಪಿಸ್ಟನ್ ಒದ್ದಾಗ ಕ್ರ್ಯಾಂಕು ಸ್ಪ್ರಿಂಗಿನ ಹಾಗೆ ಸ್ವಲ್ಪ ತಿರುಚಿಕೊಂಡು ವಾಪಸ್ಸು ಬರುತ್ತದೆ. ಆ ನಡುಕವನ್ನು ಬಳೆ ನುಂಗಿಕೊಳ್ಳುತ್ತದೆ. ಪಿನ್ನು ಹಿಡಿಯೋದು ಬುಡವನ್ನು ಮಾತ್ರ. ರಬ್ಬರು ಹಳೇದಾಗಿ ಬಳೆ ಜಾರಿದರೆ ಪಿನ್ನಿನಿಂದ ಪ್ರಯೋಜನವಿಲ್ಲ, ಬ್ಯಾಲೆನ್ಸರನ್ನೇ ಬದಲಾಯಿಸಬೇಕು. ಮುಂದೆ ಇಂಥ ರಬ್ಬರ್ ಪುಲ್ಲಿ ಇರುವ ಟ್ರ್ಯಾಕ್ಟರು ನಿಮ್ಮಲ್ಲಿದ್ದರೆ ಬುಡದಿಂದ ಬಳೆಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ರಬ್ಬರು ಬಿಟ್ಟಿದೆ ಅಂತ ಲೆಕ್ಕ.

ನನ್ನ ಎಂಜಿನ್ನಿಗೆ ರಬ್ಬರು ಗಿಬ್ಬರು ಇಲ್ಲ. ಆದರೂ ಕಾಯಿಲೆ ಯಾಕೆ ಬಂತು? ಪಂಪಿದ್ದಾಗಲೂ ಅದೇ ಎಂಜಿನ್ನು, ಅದೇ ಶಕ್ತಿ. ನೀರು ಎತ್ತುವಾಗ ಎಳೆತ ಒಂದೇ ಸಮ ಇರುತ್ತದೆ. ಮೇವಿನ ಮೆಷಿನ್ನಿನಲ್ಲಿ ಕತ್ತಿ ರಾಗಿಹುಲ್ಲಿಗೆ ತಾಗಿದಾಗಲೆಲ್ಲ ಒಂದು ಏಟು. ಇತ್ತ ಒಂದೇ ಸಿಲಿಂಡರಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಒದೆಯುತ್ತದೆ. 1500 ಸುತ್ತಿಗೆ ನಿಮಿಷಕ್ಕೆ 750 ಒದೆ. ಎರಡೂ ಕಡೆ ಏಟು ತಿಂದ ಪುಲ್ಲಿ ಕೂದಲೆಳೆಯಷ್ಟು ಸಡಿಲವಾದರೆ ಸಾಕು, ಕೀ ಸುತ್ತಿಗೆಯಾಗಿ ತನ್ನ ಗಾಡಿಯನ್ನು ತಾನೇ ಬಡಿದುಕೊಳ್ಳುತ್ತದೆ.

ಅಳಿಯ ಒತ್ತಿ ಹೇಳಿದ ಮಾತು ಇದು: 'ಮಾವ, ಎಳೆತ ತಡೆಯಬೇಕಾದ್ದು ಬಿಗಿ. ಪಿನ್ನು ಬರೀ ಕಾವಲುಗಾರ. ಸಡಿಲ ಪುಲ್ಲಿಗೆ ಪಿನ್ನು ಹೊಡೆದರೆ ನಿಮ್ಮ ಕೀ ಥರಾನೇ ಅದೂ ಸವೆಯುತ್ತೆ.' ಹಾಗಾಗಿ ಬೆಸುಗೆ ಕೆರೆಸಿ, ಹೊಸ ಸೀಲ್ ಹಾಕಿ, ಕ್ರ್ಯಾಂಕಿನ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆಸಿದೆ. ದೇವರು ದೊಡ್ಡವನು, ಅದು ಗುಂಡಗೇ ಇತ್ತು. ಆ ಅಳತೆ ಹಿಡಿದು ಪೀಣ್ಯದ ಒಂದು ಲೇತ್ ಅಂಗಡಿಗೆ ಹೋಗಿ ಹೊಸ ಪುಲ್ಲಿ ಬೋರ್ ಮಾಡಿಸಿದೆ. ಕೈಯಲ್ಲಿ ತಳ್ಳಿದರೆ ಹೋಗಬಾರದು, ಬೋಲ್ಟು ಬಿಗಿದು ಎಳೆದರೆ ಮಾತ್ರ ಕೂರಬೇಕು, ಆ ಬಿಗಿಗೆ.

ತೂತು ಹಾಕುವ ಜಾಗ ಕ್ರ್ಯಾಂಕೂ ಪುಲ್ಲಿಯೂ ಸೇರುವ ಗೆರೆಯ ಮೇಲೆ. ಮುಂದಿನಿಂದ ನೇರ ಒಳಕ್ಕೆ ಕೊರೆಯಬೇಕು. ಅರ್ಧ ತೂತು ಕ್ರ್ಯಾಂಕಿನಲ್ಲಿ, ಇನ್ನರ್ಧ ಪುಲ್ಲಿಯಲ್ಲಿ. ಬರೀ ಕೈಯಲ್ಲಿ ಡ್ರಿಲ್ಲು ಹಿಡಿದರೆ ಬಿಟ್ಟು ಮೆತ್ತನೆಯ ಬೀಡಿನ ಕಡೆಗೆ ಓಡುತ್ತದೆ. ಅದಕ್ಕೆ ನಡುವಿನ ಬೋಲ್ಟಿನ ಮರೆಗೇ ಬಿಗಿಯುವ ಒಂದು ಗೈಡ್ ಮಾಡಿಸಿಕೊಂಡೆ, ಕಾರಿಗೂ ಹಾಗೇ ಮಾಡಿದ್ದರು. ಹಳೇ ಕೀ ಇರುವ ಜಾಗ ಬಿಟ್ಟು, ಎದುರುಬದುರು ಎರಡು ತೂತು. ಒಳಗೆ ಬೋಲ್ಟಿನ ಮರೆಗೂ ತೂತಿಗೂ ನಡುವೆ ಸಾಕಷ್ಟು ಉಕ್ಕು ಉಳಿಯುತ್ತದೆಯೇ ಅಂತ ಮೊದಲೇ ಅಳೆಯಿರಿ. ಉಳಿಯದಿದ್ದರೆ ಸಣ್ಣ ಪಿನ್ನೇ ಮೇಲು. ನನ್ನದಕ್ಕೆ ಕಾಲು ಅಂಗುಲದ ಪಿನ್ನು, ಒಂದು ಅಂಗುಲ ಆಳ. ನಿಧಾನದ ಸ್ಪೀಡು, ಎಣ್ಣೆ ಬಿಡುತ್ತಾ ಇರಬೇಕು, ಬಿಟ್ಟನ್ನು ಆಗಾಗ ಹೊರಗೆ ತೆಗೆದು ಪುಡಿ ಒರೆಸಬೇಕು. ಮೊದಲು ಒಂದು ಗಾತ್ರ ಚಿಕ್ಕದು ಕೊರೆದು ಆಮೇಲೆ ರೀಮರ್ ಓಡಿಸಬೇಕು. ಪಿನ್ನಿಗೆ ಗಟ್ಟಿ ಉಕ್ಕಿನ ಡೋವೆಲ್ ಪಿನ್ನೇ ಆಗಬೇಕು. ಮೊಳೆ, ಡ್ರಿಲ್ ಬಿಟ್ಟಿನ ತುಂಡು ಬೇಡ. ತಟ್ಟಿ ಕೂರಿಸಿ, ಮೇಲೆ ದಪ್ಪ ವಾಷರ್ ಮುಚ್ಚಿ ಬೋಲ್ಟು ಬಿಗಿದರೆ ಪಿನ್ನು ಹೊರಗೆ ಬರುವುದಿಲ್ಲ.

ಎರಡು ಸುಗ್ಗಿ ಆಯ್ತು, ಶಬ್ದವಿಲ್ಲ. ಬೆಲ್ಟನ್ನು ಮಾತ್ರ ಮುಂಚಿನಷ್ಟು ಬಿಗಿ ಎಳೆಯುವುದಿಲ್ಲ. ಮೇವು ಸಿಕ್ಕಿಕೊಂಡರೆ ಬೆಲ್ಟು ಜಾರಲಿ, ಈಗ ಪುಲ್ಲಿಯಂತೂ ಜಾರುವುದಿಲ್ಲ, ಏಟು ನೇರ ಕ್ರ್ಯಾಂಕಿಗೇ ಹೋಗುತ್ತದೆ.

ಇನ್ನೊಂದು. ಪುಲ್ಲಿ ಬಿಚ್ಚುವ ಕಾಲ ಬಂದರೆ ಪಿನ್ನು ಹೇಗೆ ಕೀಳೋದು? ಅದಕ್ಕೆ ತಲೆಯಲ್ಲಿ ಸಣ್ಣ ಮರೆ ಇರುವ ಡೋವೆಲ್ ಪಿನ್ನು ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಸ್ಕ್ರೂ ಹಾಕಿ ಎಳೆದರೆ ಬರುತ್ತದೆ. ಎರಡು ತೂತೂ ಒಂದೇ ಥರ ಬಂದಿರುವುದಿಲ್ಲ, ಆದ್ದರಿಂದ ಕ್ರ್ಯಾಂಕಿಗೂ ಪುಲ್ಲಿಗೂ ಒಂದೊಂದು ಪಂಚ್ ಗುರುತು ಹೊಡೆದಿಟ್ಟುಕೊಂಡರೆ ವಾಪಸ್ಸು ಕೂರಿಸುವಾಗ ಒದ್ದಾಡಬೇಕಾಗಿಲ್ಲ.