‘ಸೆಟ್ ಇನ್ ಸ್ಟೋನ್’ ಎಂದರೇನು?

ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಸೆಟ್ ಇನ್ ಸ್ಟೋನ್’ ಎಂಬ ನುಡಿಗಟ್ಟು ಆಗಾಗ ಕಣ್ಣಿಗೆ ಬೀಳುತ್ತದೆ. ಕಲ್ಲಿನಲ್ಲಿ ಕೊರೆದದ್ದು, ಅಂದರೆ ಇನ್ನು ಬದಲಾಗದೆಂದು ಖಾತ್ರಿಯಾದದ್ದು ಎಂದು ಅರ್ಥ. ಆದರೆ ವಾಚಕರು ಗಮನಿಸಬೇಕಾದ ಸಂಗತಿಯೊಂದುಂಟು. ಈ ಮಾತು ಹೆಚ್ಚಾಗಿ ಬರುವುದು ‘ನಾಟ್’ ಎಂಬ ನಿಷೇಧದ ಜತೆಗೆ.

ವಾಕೋಲಾ ಕಡೆಯ ಮಿತ್ರರೊಬ್ಬರಿಗೆ ಖೋಲಿಯ ಮಾಲಿಕರಿಂದ ಪತ್ರ ಬಂದಿತ್ತು. ಖೋಲಿ ಬಿಡಬೇಕಾದ ತಾರೀಖನ್ನು ಬರೆದು, ಅದು ‘ನಾಟ್ ಸೆಟ್ ಇನ್ ಸ್ಟೋನ್’ ಎಂದಿದ್ದರು. ‘ಸ್ಟೋನ್’ ಎಂಬ ಶಬ್ದ ಕಂಡೊಡನೆ ಮಾತು ಮುಗಿಯಿತೆಂದು ಬಗೆದು ನಮ್ಮವರು ಗಂಟುಮೂಟೆ ಕಟ್ಟಲು ಹೊರಟಿದ್ದರು. ಪತ್ರದ ಅರ್ಥವೋ ತದ್ವಿರುದ್ಧ: ಕೇಳಿಕೊಂಡರೆ ತಾರೀಖು ಮುಂದೆ ಹೋದೀತು. ಕೇಳಿಕೊಂಡರು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಅವಕಾಶ ದೊರೆಯಿತು.

ಈ ನುಡಿಯ ಬೇರನ್ನು ಸಾಮಾನ್ಯವಾಗಿ ಬೈಬಲಿನಲ್ಲಿ ತೋರಿಸುತ್ತಾರೆ. ದೇವರ ಹತ್ತು ಆಜ್ಞೆಗಳು ಎರಡು ಕಲ್ಲಿನ ಹಲಗೆಗಳ ಮೇಲೆ ಬರೆದು ಮೋಶೆಯ ಕೈಗೆ ಬಂದವು. ಬೆಟ್ಟವಿಳಿದು ಬಂದ ಮೋಶೆ, ಜನ ಚಿನ್ನದ ಕರುವಿನ ಸುತ್ತ ಕುಣಿಯುವುದನ್ನು ಕಂಡು ಕೋಪದಿಂದ ಆ ಹಲಗೆಗಳನ್ನೇ ಒಡೆದುಹಾಕಿದನು. ಮತ್ತೆರಡು ಹಲಗೆಗಳನ್ನು ಕಡೆಯಬೇಕಾಯಿತು! ಕಲ್ಲಿನ ಖಾತ್ರಿ ಅಷ್ಟೇ.

ನಾವೂ ‘ಅದೇನು ಶಿಲಾಶಾಸನವೇ?’ ಎನ್ನುತ್ತೇವಲ್ಲ, ಅದು ಇದೇ ಮಾತು. ಇಂಗ್ಲಿಷಿನಿಂದ ಸಾಲ ತಂದದ್ದಲ್ಲ. ಶಾಸನ ಕೊರೆಯುವುದು ನಮ್ಮ ನಾಡಿನ ಹಳೆಯ ವ್ಯವಹಾರ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಸುಮಾರು ಕ್ರಿ. ಶ. 450ರದು; ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಊರುಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಕೊನೆಗೆ, ಇದನ್ನು ಅಳಿದವನಿಗೆ ಮಹಾಪಾಪವೆಂಬ ಎಚ್ಚರಿಕೆಯೂ ಇದೆ. ಮುಂದಿನ ಕಾಲದ ದಾನಶಾಸನಗಳಲ್ಲಿ ‘ಆಚಂದ್ರಾರ್ಕ’, ಎಂದರೆ ಚಂದ್ರಸೂರ್ಯರಿರುವವರೆಗೆ, ಎಂಬ ಮಾತು ಪದೇ ಪದೇ ಬರುತ್ತದೆ. ಕಲ್ಲಿನ ನೆತ್ತಿಯ ಮೇಲೆ ಚಂದ್ರಸೂರ್ಯರನ್ನೇ ಕೆತ್ತಿ ಸಾಕ್ಷಿಗೆ ನಿಲ್ಲಿಸಿದ್ದೂ ಉಂಟು. ಬರಿಯ ಕಲ್ಲನ್ನು ನಂಬಿದ್ದರೆ ಶಾಪ ಏತಕ್ಕೆ, ಸಾಕ್ಷಿ ಏತಕ್ಕೆ?

ಅವರ ಅನುಮಾನ ಸುಳ್ಳಾಗಲಿಲ್ಲ. ಎಷ್ಟೋ ಶಾಸನದ ಕಲ್ಲುಗಳು ಬಾವಿಕಟ್ಟೆಯ ಮೆಟ್ಟಿಲಾದವು, ಬಟ್ಟೆ ಒಗೆಯುವ ಕಲ್ಲಾದವು. ಬಿ. ಎಲ್. ರೈಸ್ ಅವರು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚುಹಾಕಿಸಿದರು. ಕಲ್ಲು ಹೋದರೂ ಕಾಗದದಲ್ಲಿ ಉಳಿದ ಬರಹಗಳಿವೆ. ಗುಮಾಸ್ತನಾದ ನನಗೆ ಇದರಿಂದ ಒಳಗೊಳಗೇ ಸಂತೋಷ.

ಕೆಲವರು ‘ಸೆಟ್ ಇನ್ ಸ್ಟೋನ್’ ಎಂಬುದನ್ನು ‘ಹಣೆಬರಹ’ ಎಂದು ಅನುವಾದಿಸುತ್ತಾರೆ. ಅದು ಸಲ್ಲದು. ಹಣೆಬರಹ ಬ್ರಹ್ಮ ಬರೆದದ್ದು; ಅಲ್ಲಿ ಅರ್ಜಿ ನಡೆಯುವುದಿಲ್ಲ. ಇದು ಮನುಷ್ಯರು ಗೊತ್ತುಮಾಡಿದ್ದು. ‘ದ ರೇಟ್ ಈಸ್ ನಾಟ್ ಸೆಟ್ ಇನ್ ಸ್ಟೋನ್’ ಎಂದು ಯಾರಾದರೂ ಬರೆದರೆ, ‘ದರ ಇನ್ನೂ ಕಾಯಂ ಆಗಿಲ್ಲ, ಮಾತಾಡಬಹುದು’ ಎಂದು ಓದಿಕೊಳ್ಳಿರಿ. ಉತ್ತರವನ್ನೂ ಅಂದೇ ಬರೆಯಿರಿ.