ಮನೆಯ ಮಳೆನೀರಿಗೆ ಸೋಸುವ ಪೆಟ್ಟಿಗೆ ಮತ್ತು ನೆಲತೊಟ್ಟಿ

ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ರೈತ ಬಾಂಧವರಿಗೆ ಬೇಸಿಗೆ ಎಂದರೇನೆಂದು ನಾವು ಹೇಳಬೇಕಾದುದಿಲ್ಲ. ಹೋಳಿ ಹುಣ್ಣಿಮೆ ಕಳೆಯುವುದರೊಳಗೆ ಬಾವಿಯ ತಳ ಕಾಣುತ್ತದೆ. ಬೋರು ನೀರಿನ ಬದಲು ಗಾಳಿ ಉಗುಳುತ್ತದೆ. ಊರಿಗೆ ಟ್ಯಾಂಕರ್ ಬಂದ ದಿನ ಶಾಲೆಯಲ್ಲಿ ಹೆಣ್ಣುಮಕ್ಕಳ ಹಾಜರಿ ಇಳಿಯುತ್ತದೆ. 2016ರ ಏಪ್ರಿಲ್ ತಿಂಗಳಲ್ಲಿ ನಮ್ಮ ನೆರೆಯ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಇಷ್ಟಾದರೂ ಮಿರಗದ ಮಳೆ ನಮ್ಮ ಮನೆಗಳ ಮೇಲೆಯೇ ಬಿದ್ದು, ಅಂಗಳದಲ್ಲಿ ಹರಿದು, ಗಟಾರ ಸೇರುತ್ತಿದೆ. ಆ ನೀರನ್ನು ಹಿಡಿದು, ಸೋಸಿ, ಬೇಸಿಗೆಯವರೆಗೆ ಕೆಡದಂತೆ ಇಡುವ ಬಗೆಯನ್ನು ಈ ವಾರದ ಪಾಠದಲ್ಲಿ ವಿಚಾರಿಸೋಣ.

ಮಾಳಿಗೆಯ ಲೆಕ್ಕ

1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವದ ಭೂಕಂಪವನ್ನು ನಮ್ಮ ಸೀಮೆ ಮರೆತಿಲ್ಲ. ಕಿಲ್ಲಾರಿ, ಸಾಸ್ತೂರ ಮೊದಲಾದ ಊರುಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದು ಸಾವಿರಾರು ಜನ ಅಳಿದರು. ಆಮೇಲೆ ಹೊಸ ಜಾಗದಲ್ಲಿ ಕಟ್ಟಿದ ಊರುಗಳಲ್ಲಿ, ಹಿಡುವಳಿಗೆ ತಕ್ಕಂತೆ 250, 400, 750 ಚದರಡಿಯ ಮನೆಗಳು ಎದ್ದವು. ಮಣ್ಣಿನ ಮಾಳಿಗೆ ಮಳೆಯನ್ನು ಕುಡಿಯುತ್ತಿತ್ತು, ಕೆಸರು ಬಿಡುತ್ತಿತ್ತು. ಸ್ಲ್ಯಾಬ್ ಅಥವಾ ಪತ್ರಾದ ಮಾಡು ಹಾಗಲ್ಲ; ಬಿದ್ದ ನೀರನ್ನು ಬಹುಮಟ್ಟಿಗೆ ಹಾಗೆಯೇ ಹಿಂದಿರುಗಿಸುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 400 ಚದರಡಿ ಎಂದರೆ ಸುಮಾರು 37 ಚದರ ಮೀಟರ್. ಆವಿಯಾಗಿ, ಸಿಡಿದು, ತೊಳೆಯಲು ಬಿಟ್ಟು ಐದರಲ್ಲಿ ಒಂದು ಪಾಲು ಹೋಯಿತೆನ್ನೋಣ. ಮಳೆಗಾಲದಲ್ಲಿ 700 ಮಿಲಿಮೀಟರ್ ಬಿದ್ದರೆ 20,000 ಲೀಟರಿಗೂ ಮಿಕ್ಕಿ ನೀರು ಕೈಗೆ ಸಿಗುತ್ತದೆ. ಬರಗಾಲದಲ್ಲಿ 400 ಮಿಲಿಮೀಟರ್ ಬಿದ್ದರೂ 11,000 ಲೀಟರಿಗೆ ಕಡಿಮೆಯಿಲ್ಲ. 250 ಚದರಡಿಯ ಮನೆಗೂ ಅಂಥ ಬರದಲ್ಲಿ 7,000 ಲೀಟರಿನಷ್ಟು ದೊರೆಯುತ್ತದೆ.

ಇನ್ನು ಖರ್ಚಿನ ಲೆಕ್ಕ. ಕುಡಿಯುವುದಕ್ಕೂ ಅಡಿಗೆಗೂ ತಲೆಗೆ 8 ಲೀಟರ್ ಹಿಡಿದರೆ ಐದು ಜನರ ಮನೆಗೆ ದಿನಕ್ಕೆ 40 ಲೀಟರ್. ಫೆಬ್ರುವರಿ 1ರಿಂದ ಜೂನ್ 15ರವರೆಗೆ 135 ದಿನ. ಒಟ್ಟು 5,400 ಲೀಟರ್. ಆದ್ದರಿಂದ 6,000 ಲೀಟರಿನ ತೊಟ್ಟಿಯೊಂದಿದ್ದರೆ ಟ್ಯಾಂಕರ್ ಬಾರದ ದಿನವೂ ಮನೆಯ ಬಾಯಾರಿಕೆ ನೀಗುತ್ತದೆ. ಸ್ನಾನ, ದನಕರುಗಳ ನೀರು ಇದರಲ್ಲಿ ಸೇರಿಲ್ಲವೆಂಬುದನ್ನು ನೆನಪಿಡಬೇಕು.

ಸೋಸುವಿಕೆಯ ತತ್ತ್ವ

ಸೋಸುವುದೆಂದರೆ ಒಂದು ಕೆಲಸವಲ್ಲ, ಮೂರು. ಮೊದಲನೆಯದು ನೀರನ್ನು ನಿಲ್ಲಿಸಿ ಕೆಸರು ಕೂಡಿಸುವುದು. ವಿಜಯಪುರದಲ್ಲಿ ಮಹಮ್ಮದ ಆದಿಲಶಾಹನು 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದನು. ಅಂಥ ಕೊಳವೆಗಳ ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ಅವು ನೀರಿನ ಒತ್ತಡ ತಗ್ಗಿಸುತ್ತಿದ್ದವು. ಕೆಸರೂ ಅಲ್ಲಿಯೇ ತಳಕ್ಕಿಳಿಯುತ್ತಿತ್ತು.

ಎರಡನೆಯದು ಉಸುಕಿನ ಸಂದುಗಳಲ್ಲಿ ಕಸವನ್ನು ತಡೆಹಿಡಿಯುವುದು. ಮೂರನೆಯದು ಕಣ್ಣಿಗೆ ಕಾಣದ ಕೆಲಸ. ನೀರು ತೀರ ನಿಧಾನವಾಗಿ, ಸದಾ ತೇವವಿರುವ ಉಸುಕಿನಲ್ಲಿ ಇಳಿದರೆ ಉಸುಕಿನ ಮೇಲೆ ಲೋಳೆಯಂಥ ಜೀವಂತ ಪದರ ಬೆಳೆಯುತ್ತದೆ. ಆ ಸೂಕ್ಷ್ಮಜೀವಿಗಳು ರೋಗದ ಕ್ರಿಮಿಗಳನ್ನು ತಿಂದು ಕಡಿಮೆ ಮಾಡುತ್ತವೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಹೊಂದಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು ಅದೇ ಎಲ್ಬೆ ಹೊಳೆಯ ನೀರನ್ನು, ಅದೂ ಹ್ಯಾಂಬರ್ಗಿನ ಕೆಳಗಡೆಯಿಂದ, ಕುಡಿಯುತ್ತಿತ್ತು. ಆದರೆ ಉಸುಕಿನಲ್ಲಿ ಸೋಸಿ ಕುಡಿಯುತ್ತಿದ್ದುದರಿಂದ ಬಹಳ ಮಟ್ಟಿಗೆ ಪಾರಾಯಿತು.

ಇದೇ ತತ್ತ್ವವನ್ನು ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕುವವರೂ ಬಳಸುತ್ತಾರೆ. ಮೇಲಿನ ತೊಟ್ಟಿಯ ನೀರು ಕೆಳಗಿನ ತೊಟ್ಟಿಗೆ ಇಳಿದು, ಬಟ್ಟೆಯ ಚೀಲದಲ್ಲಿ ಸೋಸಿ, ಸೂಕ್ಷ್ಮಜೀವಿಗಳು ನೆಲೆಸಿದ ಕಲ್ಲುಗಳ ನಡುವೆ ಹಾದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ದಿನವಿಡೀ ಸೋಸಿದರೂ ಆ ನೀರು ಉಪ್ಪಾಗಿಯೇ ಇರುತ್ತದೆ, ಮೀನೂ ಬದುಕಿರುತ್ತದೆ. ಇದರಿಂದ ನಮಗೊಂದು ಪಾಠವಿದೆ. ನೀರಿನಲ್ಲಿ ಕರಗಿದ ಉಪ್ಪನ್ನಾಗಲಿ ಫ್ಲೋರೈಡನ್ನಾಗಲಿ ಉಸುಕು, ಇದ್ದಲಿಗಳು ತೆಗೆಯಲಾರವು. ಸವುಳು ಬೋರಿನ ನೀರನ್ನು ಈ ಪೆಟ್ಟಿಗೆಗೆ ಸುರಿದರೆ ಸಿಹಿಯಾಗುವುದೆಂದು ಯಾರೂ ನಂಬಬಾರದು. ಮಳೆಯ ನೀರಿಗೆ ಆ ದೋಷವೇ ಇಲ್ಲದಿರುವುದರಿಂದ ಸೋಸಿದರೆ ಸಾಕಾಗುತ್ತದೆ.

ಸೋಸುವ ಪೆಟ್ಟಿಗೆ ಕಟ್ಟುವ ಕ್ರಮ

ಜೋರು ಮಳೆ ತಾಸಿಗೆ 50 ಮಿಲಿಮೀಟರ್ ಸುರಿದರೆ 400 ಚದರಡಿಯ ಮಾಡಿನಿಂದ ತಾಸಿಗೆ 1,850 ಲೀಟರ್ ಇಳಿಯುತ್ತದೆ. ದಪ್ಪ ಉಸುಕಿನ ಒಂದು ಚದರ ಮೀಟರಿನಲ್ಲಿ ತಾಸಿಗೆ ಸುಮಾರು 5,000 ಲೀಟರ್ ಇಳಿಯಬಲ್ಲದು. ಆದ್ದರಿಂದ ಒಳಗಡೆ 2 ಅಡಿ ಉದ್ದ, 2 ಅಡಿ ಅಗಲದ ಇಟ್ಟಂಗಿ ಪೆಟ್ಟಿಗೆ ಸಾಕು. 250 ಚದರಡಿಯ ಮನೆಗೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮೇ ಆಗುತ್ತದೆ. ಔಷಧಿ ಅಥವಾ ರಸಾಯನ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದಿದ್ದರೂ ಬಳಸಕೂಡದು.

ಪೆಟ್ಟಿಗೆಯ ಎತ್ತರ ಮೂರೂವರೆ ಅಡಿ. ತಳದಲ್ಲಿ 40 ಮಿಲಿಮೀಟರ್ ಖಡಿ 6 ಅಂಗುಲ. ಅದರ ಮೇಲೆ 10ರಿಂದ 20 ಮಿಲಿಮೀಟರ್ ಖಡಿ 6 ಅಂಗುಲ. ಅದರ ಮೇಲೆ ಕಟ್ಟಿಗೆಯ ಇದ್ದಲಿ 6 ಅಂಗುಲ. ಎಲ್ಲಕ್ಕೂ ಮೇಲೆ ದಪ್ಪ ಉಸುಕು 12 ಅಂಗುಲ. ಪದರ ಪದರದ ನಡುವೆ ನೈಲಾನ್ ಜಾಳಿಗೆ ಹಾಸಬೇಕು. ಮೇಲಿನ 12 ಅಂಗುಲ ಖಾಲಿ ಬಿಡಬೇಕು. ಬಾಯಿಯ ಹತ್ತಿರ ಒಂದು ಹೊರಕೊಳವೆ ಇಟ್ಟರೆ ಮುಸಲಧಾರೆಯ ಹೆಚ್ಚಿನ ನೀರು ಅದರಿಂದ ಹೋಗುತ್ತದೆ.

ಖಡಿ, ಉಸುಕುಗಳನ್ನು ತೊಳೆಯದೆ ತುಂಬಬಾರದು. ಉಸುಕಿನ ಪರೀಕ್ಷೆಗೆ ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಉಳಿದಷ್ಟು ನೀರು ಹಾಕಿ ಕುಲುಕಿ ಇಡಿರಿ. ಉಸುಕಿನ ಮೇಲೆ ಕೆಸರಿನ ಪದರ ಕೂತರೆ ಇನ್ನೂ ತೊಳೆಯಬೇಕೆಂದು ತಿಳಿಯಿರಿ.

ಪೆಟ್ಟಿಗೆಗೆ ಬರುವ ಮೊದಲೇ ಕೊಳವೆಯಲ್ಲಿ ಒಂದು ಕವಲು, ಅದಕ್ಕೊಂದು ವಾಲ್ವು ಇರಲೇಬೇಕು. ಮಾಡಿನ ಧೂಳು, ಹಕ್ಕಿಯ ಹಿಕ್ಕೆ, ಒಣಗಿದ ಎಲೆ ಎಲ್ಲವೂ ಮೊದಲ ನೀರಿನಲ್ಲಿ ಬರುತ್ತವೆ. ವರ್ಷದ ಮೊದಲ ಎರಡು ಮಳೆಗಳನ್ನು ಪೂರ್ತಿಯಾಗಿ ಹೊರಗೆ ಬಿಡತಕ್ಕದ್ದು. ಆಮೇಲೂ ಮಳೆ ಬಿಡುವು ಕೊಟ್ಟು ಬಂದಾಗ ಮೊದಲ ಕಾಲು ತಾಸಿನ ನೀರನ್ನು ಬಿಡುವುದು ಲೇಸು. ಔಷಧಿ ಹೊಡೆದ ಸೋಯಾ, ತೊಗರಿ, ಮೆಣಸಿನಕಾಯಿಗಳನ್ನು ಮಳೆಗಾಲದಲ್ಲಿ ಮಾಡಿನ ಮೇಲೆ ಒಣಹಾಕಬಾರದು.

ನೆಲತೊಟ್ಟಿ

ನಮ್ಮ ಕಡೆ ಹೌದ ಎಂದು ಕರೆಯುವ ಈ ತೊಟ್ಟಿಗೆ ಒಳಗಡೆ 2 ಮೀಟರ್ ಉದ್ದ, 2 ಮೀಟರ್ ಅಗಲ, ನೀರು ನಿಲ್ಲುವ ಆಳ ಒಂದೂವರೆ ಮೀಟರ್ ಇದ್ದರೆ 6,000 ಲೀಟರ್ ಆಗುತ್ತದೆ. ಮೇಲೆ ಒಂದು ಗೇಣು ಖಾಲಿ ಇರಲಿ. ಸಂಡಾಸಿನ ಗುಂಡಿಯಿಂದ 50 ಅಡಿಯಾದರೂ ದೂರ, ಅದಕ್ಕಿಂತ ಎತ್ತರದ ಕಡೆ ಜಾಗ ಆರಿಸಬೇಕು. ಮನೆಯ ಪಾಯಕ್ಕೆ ತಾಗಿಸಿ ಅಗೆಯಬಾರದು; ತಗ್ಗಿನ ಆಳದಷ್ಟಾದರೂ ದೂರವಿರಲಿ. ಭೂಕಂಪ ಕಂಡ ಸೀಮೆಯಲ್ಲಿ ಪಾಯ ಸಡಿಲಿಸುವ ಕೆಲಸ ಮಾಡಲೇಬಾರದು.

ಎರೆಮಣ್ಣು ನಮ್ಮ ಹೊಲಕ್ಕೆ ತಾಯಿ, ತೊಟ್ಟಿಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ; ಗೋಡೆಯನ್ನು ಒತ್ತಿ ಸೀಳುತ್ತದೆ. ಆದ್ದರಿಂದ ಮುರುಮು ಸಿಗುವವರೆಗೆ ಅಗೆದು, ಗೋಡೆಯ ಹೊರಸುತ್ತ ಒಂದು ಅಡಿ ಮುರುಮು ತುಂಬಿ ಧಮ್ಮಸು ಹಾಕಬೇಕು. ಗೋಡೆಯ ದಪ್ಪ, ಕಬ್ಬಿಣ ಇವನ್ನು ಅನುಭವಿ ಗೌಂಡಿಯಿಂದ ಗೊತ್ತುಮಾಡಿಕೊಳ್ಳಿರಿ. ತಳ ಒಂದು ಮೂಲೆಗೆ ಇಳಿಜಾರಾಗಿರಲಿ. ಕೆಸರು ಬಳಿಯಲು ಅನುಕೂಲ. ಒಳಬರುವ ಕೊಳವೆ ತಳದ ಸಮೀಪದವರೆಗೆ ಇಳಿದು ಬಾಯಿ ಮೇಲ್ಮುಖವಾಗಿದ್ದರೆ ಕೂತ ಕೆಸರು ಏಳುವುದಿಲ್ಲ. ಗಿಲಾವು ಮಾಡಿ ಎರಡು ವಾರ ನೀರುಣಿಸಿ, ಬಳಿಕ ತುಂಬಿಸಿ ಗುರುತು ಹಾಕಿ, ಮೂರು ದಿನ ನೋಡಬೇಕು. ಗುರುತು ಇಳಿದರೆ ಸೋರಿಕೆ ಉಂಟೆಂದರ್ಥ.

ಬಾಯಿಯ ಕಟ್ಟೆ ನೆಲದಿಂದ ಒಂದು ಅಡಿ ಎತ್ತರವಿರಲಿ, ಮುಚ್ಚಳಕ್ಕೆ ಬೀಗವಿರಲಿ. ಬೆಳಕು ಹೋಗದಿದ್ದರೆ ಪಾಚಿ ಕಟ್ಟದು. ಎಲ್ಲ ರಂಧ್ರಗಳಿಗೂ ಸಣ್ಣ ಜಾಳಿಗೆ ಇದ್ದರೆ ಸೊಳ್ಳೆ ಹುಟ್ಟದು. ಕೊಡ ಅದ್ದಿ ನೀರು ತೆಗೆಯುವುದಕ್ಕಿಂತ ಕೈಪಂಪು ಮೇಲು. ತುಂಬಿ ಹೊರಬರುವ ನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಅದೂ ವ್ಯರ್ಥವಾಗದು.

ಕ್ರಿಮಿಶುದ್ಧಿ

ನಮ್ಮ ಈ ಪೆಟ್ಟಿಗೆಯಲ್ಲಿ ನೀರು ಬೇಗ ಇಳಿಯುತ್ತದೆ. ಮಳೆ ನಿಂತರೆ ಉಸುಕು ಒಣಗುತ್ತದೆ. ಆದ್ದರಿಂದ ಆಲ್ಟೋನಾದಂಥ ಜೀವಂತ ಪದರ ಇಲ್ಲಿ ನಿಲ್ಲದು. ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಶುದ್ಧವಲ್ಲ. 1,000 ಲೀಟರಿಗೆ ಎರಡೂವರೆ ಗ್ರಾಂ ಪ್ರಕಾರ, ತುಂಬಿದ ತೊಟ್ಟಿಗೆ 15 ಗ್ರಾಂ ತಾಜಾ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಒಂದು ತಾಸು ಕಳೆದು ಬಳಸಬಹುದು. ದಿನಗಳೆದಂತೆ ಅದರ ಶಕ್ತಿ ಇಳಿಯುವುದರಿಂದ, ಬೇಸಿಗೆಯಲ್ಲಿ ಎಳೆಮಕ್ಕಳಿಗೂ ಬಾಣಂತಿಯರಿಗೂ ಕಾಯಿಸಿ ಆರಿಸಿಯೇ ಕೊಡತಕ್ಕದ್ದು.

ವರ್ಷದ ಕೆಲಸ

ರೋಹಿಣಿ ಮಳೆಗೆ ಮುಂಚೆ ಮಾಡು ಗುಡಿಸಿ, ಉಸುಕು ತೊಳೆದು, ಇದ್ದಲಿ ಬದಲಿಸಿ, ತೊಟ್ಟಿ ಬಳಿಯಬೇಕು. ತೊಟ್ಟಿಗೆ ಇಳಿಯುವ ಮುನ್ನ ಮುಚ್ಚಳವನ್ನು ಒಂದು ದಿನವಿಡೀ ತೆರೆದಿಡಿರಿ. ಮೇಲೆ ಒಬ್ಬರು ನಿಂತಲ್ಲದೆ ಯಾರೂ ಇಳಿಯಕೂಡದು. ಒಳಗಿನ ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಮಿರಗ ಹಿಡಿದ ಮೇಲೆ ಮೊದಲ ಎರಡು ಮಳೆ ಬಿಟ್ಟು ತುಂಬಿಸಲು ತೊಡಗಬೇಕು. ಆರಿದ್ರೆಯಿಂದ ಮಘೆಯವರೆಗೆ ಬಳಸಿದಷ್ಟನ್ನು ಮತ್ತೆ ತುಂಬಿಸುತ್ತಿರಿ. ಹಿಂದಿನ ಮಳೆ ಬಂದೇ ಬರುವುದೆಂಬ ಆಸೆಯಿಂದ ತುಂಬಿದ ತೊಟ್ಟಿಯನ್ನು ಬರಿದು ಮಾಡಬೇಡಿರಿ. ಉತ್ತರಾ, ಹಸ್ತಾ ಮಳೆಗೆ ಬಾಯಿಮಟ್ಟ ಮಾಡಿ, ಪುಡಿ ಹಾಕಿ, ಬೀಗ ಜಡಿದು, ಬಾವಿಯಲ್ಲಿ ನೀರಿರುವಷ್ಟು ದಿನ ಅದನ್ನು ಮುಟ್ಟದೆ ಇಡಿರಿ.

ಕಾಳನ್ನು ಹಗೇವಿನಲ್ಲಿ ಕೂಡಿಟ್ಟು ಬರ ದಾಟಿದ ಒಕ್ಕಲುತನ ನಮ್ಮದು. ನೀರಿಗೂ ಹಾಗೆಯೇ ಒಂದು ಹಗೇವು ಬೇಕಾದ ಕಾಲ ಬಂದಿದೆ. ಓಣಿಯಲ್ಲಿ ಒಂದು ಮನೆ ಮೊದಲು ಮಾಡಲಿ. ಉಳಿದವರು ನೋಡಿ ಕಲಿಯುವರು.